ಮುಳುಗಿದ ರಸ್ತೆಯ ಬಾಡಿಗೆ

ನಮ್ಮ ಬೈಲಹೊಂಗಲದಲ್ಲಿ ವಕೀಲರೊಬ್ಬರು ತೀರಿಕೊಂಡರೆ ಆಡುವ ಮಾತುಗಳು ಮೊದಲೇ ತಯಾರಿರುತ್ತವೆ, ಹೆಸರೊಂದು ಬದಲಾಯಿಸಿದರೆ ಮುಗಿಯಿತು. ಹೋದ ತಿಂಗಳು ನನಗೆ ವಕೀಲಿ ಕಲಿಸಿದವರ ಶ್ರದ್ಧಾಂಜಲಿ ಸಭೆಯಲ್ಲೂ ಅದೇ ಆಯಿತು. ಸರಳ ಜೀವಿ, ಮೃದು ಮಾತಿನವರು, ಯಾರ ಮನಸ್ಸನ್ನೂ ನೋಯಿಸದವರು ಎಂದು ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೇಳಿದೆ. ಮೃದು ಮಾತಂತೆ! ಆ ನಾಲಗೆಯ ಏಟು ಹೆಚ್ಚು ತಿಂದವನು ನಾನು. ಮನಸ್ಸು ನೋಯಿಸದವರಂತೆ! ಹೆತ್ತ ತಂದೆಗೆ ಸಮನ್ಸು ಕಳಿಸಿ ಸಾಕ್ಷಿಯ ಕಟಕಟೆ ಹತ್ತಿಸಿದ ಹೆಣ್ಣುಮಗಳು ಅವರು. ಅದನ್ನು ಹೇಳಿದ್ದರೆ ಸಭೆಗೆ ಒಂದು ಅರ್ಥ ಬರುತ್ತಿತ್ತು. ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಾನು ಕಿತ್ತೂರಿನವ. ಧಾರವಾಡದಲ್ಲಿ ಕಾನೂನು ಓದಿ, ವಕೀಲಿಯ ಸನದು ಕೈಗೆ ಬಂದದ್ದೇ ತಡ, ಲೋಕವನ್ನೇ ಗೆದ್ದೆನೆಂಬ ಗತ್ತಿನಲ್ಲಿದ್ದೆ. ನಮ್ಮ ಸೋದರಮಾವ ನನ್ನನ್ನು ಕರೆತಂದು ಇವರ ಕೈಕೆಳಗೆ ಬಿಟ್ಟ. ಆಗ ನಮ್ಮ ಕೋರ್ಟಿನಲ್ಲಿ ಇದ್ದ ಹೆಣ್ಣು ವಕೀಲರು ಇವರೊಬ್ಬರೇ. ಗೆಳೆಯರೆಲ್ಲ, "ಏನಲೇ, ಅಕ್ಕಾರ ಸಾಲಿಗೆ ಹೆಸರ ಹಚ್ಚಿದಿಯಂತ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತಾರೆ. ಓದಿದ ಹೆಂಗಸೆಂದರೆ ಸಾಲಿ ಅಕ್ಕಾರೇ ಎಂದು ತಿಳಿದಿದ್ದ ಜನ, ಕರಿ ಕೋಟು ಹಾಕಿಕೊಂಡ ಇವರನ್ನೂ ಅಕ್ಕಾರು ಎಂದೇ ಕರೆದರು. ವಕೀಲರು ಅನ್ನಿರಿ ಎಂದು ನಾನು ಒಬ್ಬ ಕಕ್ಷಿದಾರನನ್ನು ತಿದ್ದಲು ಹೋದಾಗ ಅವರೇ ತಡೆದರು.

"ಬಿಡೋ ತಮ್ಮಾ. ಅಕ್ಕಾರ ಮುಂದ ಮಂದಿ ಖರೇ ಹೇಳತಾರ. ವಕೀಲರ ಮುಂದ ವಿಚಾರ ಮಾಡಿ ಹೇಳತಾರ."

ಇಳಕಲ್ಲ ಸೀರೆ, ಅದರ ಮೇಲೆ ಎರಡು ಬೆರಳು ದೊಡ್ಡದಾದ ಕೋಟು. ಆ ಕೋಟು ಯಾರೋ ಗಂಡಸಿಗಾಗಿ ಹೊಲಿದದ್ದಿರಬೇಕು. ಓದುವಾಗ ಬಾಯಲ್ಲಿ ಹುರಿದ ಶೇಂಗಾ ಆಡುತ್ತಿರಬೇಕು. ನಡೆಯುವ ರಭಸಕ್ಕೆ ನಾನು ಕಡತ ಹೊತ್ತುಕೊಂಡು ಹಿಂದೆ ಓಡಬೇಕಿತ್ತು. ನಾನು ಮೊದಲು ಬರೆದ ದಾವೆ ಅರ್ಜಿಯನ್ನು ಓದಿ ನನ್ನ ಮುಖ ನೋಡಿದರು. "ಇದನ್ನ ಬರಿಯೂ ಮುಂದ ನಿನ್ನ ಊಟ ಆಗಿದ್ದಿಲ್ಲೇನೋ? ಅರ್ಧಕ್ಕರ್ಧ ಮಾತು ನುಂಗೀದಿ" ಎಂದು ಹಿಂದಕ್ಕೆ ಕೊಟ್ಟರು. ಕಕ್ಷಿದಾರರ ಎದುರೇ ಹೇಳಿದರು. ಆ ಸಂಜೆಯೇ ಕಿತ್ತೂರಿನ ಬಸ್ಸು ಹತ್ತಬೇಕೆಂದಿದ್ದೆ. ಹತ್ತಲಿಲ್ಲ, ಆ ಪುಣ್ಯ ಇವತ್ತಿಗೂ ನನ್ನನ್ನು ಕಾಯುತ್ತಿದೆ.

ಕಕ್ಷಿದಾರರ ಕತೆ ಕೇಳುವ ರೀತಿಯೇ ಅವರದು ಬೇರೆ. ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು. ಬಂದವರು ಅವರ ಕಡೆ ಕೈಮುಗಿದು ಶುರು ಮಾಡಿದರೆ, "ನನಗ ಬ್ಯಾಡ, ನಿಮ್ಮ ಮಗ್ಗಲದಾಗ ಕುಂತವರಿಗೆ ಹೇಳ್ರಿ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತವರು ಇನ್ನಾವುದೋ ಹೊಲದ ಹದ್ದಿನ ತಂಟೆಗೆ ಬಂದ ಮುದುಕಿಯೋ, ಸವದತ್ತಿ ಕಡೆಯ ಕುರಿ ಕಾಯುವವನೋ ಆಗಿರುತ್ತಿದ್ದರು. ಇವರು ಶೇಂಗಾ ತಿನ್ನುತ್ತ ಬೇರೆ ಏನೋ ಓದುವವರಂತೆ ಕಿವಿ ಕೊಟ್ಟಿರುತ್ತಿದ್ದರು. ಕೇಳಿದವರಿಗೆ ತಿಳಿದರೆ ದಾವೆ ನಿಲ್ಲುತ್ತದೆ, ಅವರು ಆಕಳಿಸಿದರೆ ನ್ಯಾಯಾಧೀಶರೂ ಆಕಳಿಸುತ್ತಾರೆ ಎನ್ನುವುದು ಅವರ ಲೆಕ್ಕ.

ಭೀಮಪ್ಪ ಬಂದದ್ದು ಆ ಬೆಂಚಿಗೆ. ಬಂದವನು ಕೂರಲಿಲ್ಲ, ಕಟ್ಟೆಯ ಕೆಳಗೇ ನಿಂತ. "ಮ್ಯಾಲ ಬಂದು ಕುಂದರ್ರಿ ಭೀಮಪ್ಪನವರ" ಎಂದು ಇವರು ಎರಡು ಸಲ ಹೇಳಬೇಕಾಯಿತು. ಅವನ ಮನೆಯವರು ಹಿಂದಿನ ತಲೆಮಾರಿನಲ್ಲೇ ಬೌದ್ಧರಾಗಿದ್ದರೂ ಊರು ಅವರನ್ನು ನಿಲ್ಲಿಸುತ್ತಿದ್ದ ಜಾಗ ಬದಲಾಗಿರಲಿಲ್ಲ. ಹುಡುಗನಿದ್ದಾಗಿನಿಂದ ಬೇರೆಯವರ ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ತುಳಿದವನು, ಹಳ್ಳದ ದಂಡೆಯಲ್ಲಿ ತನ್ನದೇ ಒಂದು ಭಟ್ಟಿ ಹಾಕಿದ್ದ. ಅವನ ಓಣಿಯಲ್ಲಿ ತನ್ನ ಹೆಸರಿನಲ್ಲಿ ಕರಾರು ಬರೆದುಕೊಟ್ಟ ಮೊದಲ ಮನುಷ್ಯ ಅವನು. ಕರಾರು ಏನೆಂದರೆ, ರಾಮದುರ್ಗ ತಾಲೂಕಿನ ಒಂದು ಹಳ್ಳಿಯ ಸಾಲಿ ಕಟ್ಟಡಕ್ಕೆ ಇಟ್ಟಂಗಿ ಮುಟ್ಟಿಸುವುದು. ದರದಲ್ಲಿ ಲಾರಿ ಬಾಡಿಗೆಯೂ ಸೇರಿರಬೇಕು ಎಂದು ಆ ಊರಿನ ಪಂಚರು ಹೇಳಿದ್ದರು.

ಇಟ್ಟಂಗಿಗಿಂತ ಅದನ್ನು ಹೊರುವ ಖರ್ಚೇ ಹೆಚ್ಚು. ಅದಕ್ಕೆ ಭೀಮಪ್ಪ ದರ ಹೇಳುವ ಮೊದಲು ಮಾರ್ಕೆಟ್ಟಿನ ಲಾರಿ ಆಫೀಸಿಗೆ ಹೋಗಿ ಸಾವಕಾರರನ್ನು ಕೇಳಿದ. ಅವರು ಬಾಡಿಗೆ ಹೇಳಿದರು, ದಿನಕ್ಕೆ ಎರಡು ಖೇಪು ಹೊಡೆಯಬಹುದು ಎಂದೂ ಹೇಳಿದರು. ಭೀಮಪ್ಪ ನೇರ ಅಲ್ಲಿಂದ ರಾಮದುರ್ಗದ ಬಸ್ಸು ಹತ್ತಿ, ಆ ಬಾಡಿಗೆಯನ್ನು ಸೇರಿಸಿ ಕರಾರಿಗೆ ಸಹಿ ಹಾಕಿ ಬಂದ.

ಆದರೆ ಸಾವಕಾರರು ಹೇಳಿದ ಬಾಡಿಗೆ ಹಳೆಯ ರಸ್ತೆಯದು. ಅಣೆಕಟ್ಟು ಕಟ್ಟಿದ ಮೇಲೆ ಮಲಪ್ರಭೆಯ ಹಿನ್ನೀರು ಏರುತ್ತ ಬಂದು, ಮನೋಳಿಯ ಆಚೆ ಆ ರಸ್ತೆಯ ಒಂದು ತುಂಡು ನೀರಿನಡಿ ಹೋಗಿತ್ತು. ನಮ್ಮ ಕಡೆ ನೀರು ಬಂದು ಊರು ಎದ್ದರೂ ಮಾತು ಏಳುವುದಿಲ್ಲ. ಮುಳುಗಿದ ಹೊಲಕ್ಕೆ ಇನ್ನೂ ಅದರ ಹೆಸರಿತ್ತು, ಮುಳುಗಿದ ರಸ್ತೆಗೆ ಇನ್ನೂ ಅದರ ಬಾಡಿಗೆ ಇತ್ತು. ಲಾರಿಗಳು ಸವದತ್ತಿಯ ಮೇಲೆ ಸುತ್ತು ಹಾಕಿ ಹೋದವು. ದಿನಕ್ಕೆ ಒಂದು ಖೇಪು ಮುಗಿಯುವುದೇ ಕಷ್ಟವಾಯಿತು, ಬಾಡಿಗೆ ಹತ್ತಿರ ಹತ್ತಿರ ದುಪ್ಪಟ್ಟು ಬಿತ್ತು. ಕೇಳಲು ಹೋದ ಭೀಮಪ್ಪನಿಗೆ ಸಾವಕಾರರು, "ಅಂದಾಜು ಅಂದ್ರ ಅಂದಾಜಪಾ. ನೀರು ನಾ ತಂದು ಹೊಯ್ದೇನೇನು?" ಎಂದರು. ಭೀಮಪ್ಪ ಕರಾರು ಮುರಿಯಲಿಲ್ಲ. ಕೊನೆಯ ಇಟ್ಟಂಗಿಯವರೆಗೆ ಮುಟ್ಟಿಸಿದ. ಮುಟ್ಟಿಸಿ ಬಂದಾಗ ಮುಂದಿನ ಭಟ್ಟಿ ಸುಡಲು ಕಟ್ಟಿಗೆಗೂ ಗತಿ ಇರಲಿಲ್ಲ. ಹೆಚ್ಚಿಗೆ ತೆತ್ತ ಬಾಡಿಗೆ ಕೈಗೆ ಬರದಿದ್ದರೆ ಭಟ್ಟಿ ಮಾರಿ ಮತ್ತೆ ಇನ್ನೊಬ್ಬರ ಮಣ್ಣು ತುಳಿಯಲು ಹೋಗಬೇಕು.

ಅವನ ಪಕ್ಕದಲ್ಲಿ ಕೂತ ಮುದುಕಿ ಆಕಳಿಸಲಿಲ್ಲ. "ಯಪ್ಪಾ, ನೀರು ಬಂದಿದ್ದು ನನ್ನಂಥಾಕಿಗೂ ಗೊತ್ತೈತಿ" ಎಂದಳು. ಇವರು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು.

ಭೀಮಪ್ಪ ಹೋದ ಮೇಲೆ ನನ್ನ ರಕ್ತ ಕುದಿಯಿತು. ಮೋಸದ ದಾವೆ ಹೂಡೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಲಾರಿ ಸಾವಕಾರರು ಬೇರೆ ಯಾರೂ ಅಲ್ಲ, ಅವರ ತಂದೆಯ ಜೀವದ ಗೆಳೆಯರು. ಚಿಕ್ಕಂದಿನಿಂದ ಇವರು ಕಾಕಾ ಎಂದು ಕರೆದ ಮನುಷ್ಯ. ಅದಕ್ಕೇ ಹಿಂದೆಗೆಯುತ್ತಾರೆ ಎಂದುಕೊಂಡೆ.

"ಕಾಕಾ ಮೋಸ ಮಾಡಿಲ್ಲೋ" ಎಂದರು. "ಮೋಸ ಮಾಡಾಕ ಸುದ್ದ ಎದರಿನ ಮನಿಷಾನ ಮಾರಿ ನೋಡಬೇಕಾಗತೈತಿ. ಅಂವ ನೋಡೇ ಇಲ್ಲ. ದಾವೆ ಅದರ ಮ್ಯಾಲ ಹಾಕೂಣು."

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. ಹೇಳಿದವನಿಗೆ ಅದು ನಿಜವೆಂದೇ ಅನಿಸಿದ್ದರೂ, ವಿಚಾರಿಸದೆ ಖಚಿತವಾಗಿ ಹೇಳಿ, ಕೇಳಿದವನು ನಂಬಿ ಹಾನಿಗೆ ಬಿದ್ದರೆ ಅದೂ ತಪ್ಪುನಿರೂಪಣೆಯೇ. ಪುಸ್ತಕದಲ್ಲಿ ಓದಲು ಸುಲಭ, ಸಾಬೀತು ಮಾಡಲು ಹೋದರೆ ಬೆವರು ಇಳಿಯುತ್ತದೆ. ಮಾತು ಸುಳ್ಳಾಗಿತ್ತು ಎಂದು ತೋರಿಸುವುದು ಕಷ್ಟವಿರಲಿಲ್ಲ, ನೀರು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ನಂಬಿಯೇ ಭೀಮಪ್ಪ ಸಹಿ ಹಾಕಿದ ಎಂದು ಆ ಹಳ್ಳಿಯ ಪಂಚರೊಬ್ಬರು ಹೇಳಲು ಒಪ್ಪಿದರು. ಬಾಡಿಗೆ ಹೇಳಿದ್ದು ಹೌದೆಂದು ಸಾವಕಾರರೂ ನೋಟೀಸಿನ ಉತ್ತರದಲ್ಲಿ ಒಪ್ಪಿದ್ದರು. ಉಳಿದದ್ದು ಒಂದೇ ಗಂಟು. ಸಾವಕಾರರು ಸ್ವಲ್ಪ ಲಕ್ಷ್ಯ ಕೊಟ್ಟಿದ್ದರೆ ಸರಿಯಾಗಿ ಹೇಳಬಹುದಿತ್ತು ಎಂದು ತೋರಿಸುವುದು ಹೇಗೆ? ರಸ್ತೆ ಮುಳುಗಿದ್ದು ಆಗ ತಮಗೆ ಗೊತ್ತೇ ಇರಲಿಲ್ಲ ಎಂದು ಅವರು ಉತ್ತರದಲ್ಲಿ ಬರೆಸಿದ್ದರು.

ದಾವೆ ಹೂಡಿದ ಮೇಲೆ ಆ ಗಂಟು ಬಿಚ್ಚಿದ್ದು ಊಟದ ತಟ್ಟೆಯ ಮುಂದೆ. ಮಧ್ಯಾಹ್ನದ ಊಟ ನನಗೆ ಅವರ ಮನೆಯಲ್ಲೇ. ಅವರ ತಂದೆ ಮಾರ್ಕೆಟ್ಟಿನಲ್ಲಿ ದಲಾಲಿಯ ಅಡತಿ ಅಂಗಡಿ ಇಟ್ಟವರು, ಹತ್ತಿಕಾಳಿನ ಹಿಂಡಿಯನ್ನು ಊರೂರಿಗೆ ಕಳಿಸುತ್ತಿದ್ದರು. ರೊಟ್ಟಿ ಮುರಿಯುತ್ತ ಮಗಳು ಕೇಳಿದರು.

"ಅಪ್ಪಾ, ನೀ ರಾಮದುರ್ಗಕ್ಕ ಹಿಂಡಿ ಕಳಿಸಾಕ ಬಾಡಗಿ ಕೇಳಿದ್ದು ಭೀಮಪ್ಪ ಕೇಳಾಕ ಹೋಗೂ ಮುಂಚೆನೋ, ಆಮ್ಯಾಲೋ?"

"ಮುಂಚೆ. ಯಾಕ?"

"ಕಾಕಾ ಬಾಡಗಿ ಹೆಂಗ ಹೇಳಿದ್ದ?"

"ಸವದತ್ತಿ ಮ್ಯಾಲ ಸುತ್ತ ಹಾಕಬೇಕಾಗತೈತಿ, ಹೆಚ್ಚಿಗಿ ಬೀಳತೈತಿ, ಈಗ ಕಳಿಸಬ್ಯಾಡ ಅಂದಿದ್ದ. ಪಾಪ, ಖರೇ ಗೆಳ್ಯಾ..." ಎಂದವರು ಅಲ್ಲಿಗೇ ನಿಂತರು. ಕೈಯಲ್ಲಿಯ ರೊಟ್ಟಿ ಕೈಯಲ್ಲೇ ಉಳಿಯಿತು.

"ಇದನ್ನ ನೀ ಕೋರ್ಟಿನ್ಯಾಗ ಹೇಳಬೇಕಾಗತೈತಿ ಅಪ್ಪಾ."

ಮುದುಕರು ತಟ್ಟೆ ಸರಿಸಿ ಎದ್ದರು. "ಇದಕ್ಕನ ನಿನ್ನ ಓದಿಸಿದ್ದು? ನಾಳೆ ನನ್ನ ಮಾಲು ಯಾರು ಎತ್ತಬೇಕು? ಅಂವನ ಮುಂದ ನಾ ಹೆಂಗ ನಿಂದರಲಿ?"

ಮಗಳು ಒತ್ತಾಯ ಮಾಡಲಿಲ್ಲ, ಕೈಕಾಲು ಹಿಡಿಯಲಿಲ್ಲ. ಮರುದಿನ ಕೋರ್ಟಿಗೆ ಅರ್ಜಿ ಕೊಟ್ಟು ಸಮನ್ಸು ಕಳಿಸಿದರು. ಕೋರ್ಟಿನ ಬೇಲೀಫ ಅದನ್ನು ಮಾರ್ಕೆಟ್ಟಿನ ನಟ್ಟನಡುವೆ, ವ್ಯಾಪಾರ ಭರದಲ್ಲಿರುವಾಗ, ತಂದೆಯ ಗಾದಿಯ ಮುಂದೆ ನಿಂತು ಓದಿ ಜಾರಿ ಮಾಡಿದ. ಒಂದೇ ಮನೆಯಲ್ಲಿ ಉಣ್ಣುವವರಿಗೆ ಸಮನ್ಸೇ ಎಂದು ಊರು ಬಾಯ್ಬಿಟ್ಟಿತು. ನನಗೂ ಅದು ಅತಿಯಾಯಿತು ಅನಿಸಿ ಹೇಳಿಯೂ ಬಿಟ್ಟೆ.

"ದಡ್ಡಾ" ಎಂದರು. "ಮಗಳು ಕರದಳು ಅಂತ ಹೋದ್ರ ಗೆಳ್ಯಾನ ಮುಂದ ಅಪ್ಪನ ತಲಿ ತಗ್ಗತೈತಿ. ಸರಕಾರ ಕರದೈತಿ, ಏನ ಮಾಡ್ಲೋ ಅಂತ ಹೇಳಾಕಾದ್ರೂ ಅವಗೊಂದು ದಾರಿ ಬ್ಯಾಡೇನು? ಅದಕ್ಕ ಎಲ್ಲಾರೂ ನೋಡುವಂಗ ಕಳಿಸೇನಿ."

ತಂದೆ ಮಗಳು ವಿಚಾರಣೆಯ ದಿನದವರೆಗೆ ಮಾತು ಬಿಟ್ಟಿದ್ದರು. ರೊಟ್ಟಿ ಬೇಕೋ ಬೇಡವೋ ಎನ್ನುವುದನ್ನು ಸಹ ನನ್ನ ಮೂಲಕ ಕೇಳಿಸುತ್ತಿದ್ದರು. ಉಣ್ಣುವುದಕ್ಕಿಂತ ಸಂದೇಶ ಒಯ್ಯುವುದೇ ನನಗೆ ಕೆಲಸವಾಗಿತ್ತು.

ಮುನ್ಸೀಫ ಕೋರ್ಟು ಅಂದು ಮಾರ್ಕೆಟ್ಟಿಗಿಂತ ಹೆಚ್ಚು ತುಂಬಿತ್ತು. ಸಾವಕಾರರ ಕಡೆಗೆ ಬೆಳಗಾವಿಯ ದೊಡ್ಡ ವಕೀಲರು. ಮೊದಲು ಭೀಮಪ್ಪನನ್ನು ಹಿಡಿದರು. ನೀರು ಬಂದದ್ದು ನಿನಗೂ ಗೊತ್ತಿತ್ತಲ್ಲ, ಮತ್ತೆ ಅವರ ಮಾತು ನಂಬಿದ್ದು ನಿನ್ನದೇ ತಪ್ಪಲ್ಲವೇ ಎಂದು ಕೇಳಿದರು.

ಭೀಮಪ್ಪ ಕಟಕಟೆ ಹಿಡಿದುಕೊಂಡು ಹೇಳಿದ: "ನೀರು ಬಂದದ್ದು ಗೊತ್ತಿತ್ರಿ. ಲಾರಿ ಎಲ್ಲಿ ಹಾದು ಹೋಗತಾವು ಅನ್ನೂದು ನನಗ ಹೆಂಗ ಗೊತ್ತಾಗಬೇಕ್ರಿ? ಅದಕ್ಕನ ಲಾರಿ ಇದ್ದವರನ್ನ ಕೇಳಾಕ ಹೋಗಿದ್ದೆ."

ಆಮೇಲೆ ತಂದೆಯವರು. ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಮಗಳು ಅವರನ್ನು ತಾವು ಎಂದು ಕರೆದು, ಊರು ಹೆಸರು ಕಸಬು ಕೇಳಿದರು. ತಂದೆ ಪರಊರ ವಕೀಲರಿಗೆ ಹೇಳುವಂತೆ ಎಲ್ಲವನ್ನೂ ಹೇಳಿದರು. ಹಿಂಡಿಯ ಮಾತು, ಸುತ್ತಿನ ಮಾತು, ಯಾವುದನ್ನೂ ಮುಚ್ಚಿಡಲಿಲ್ಲ. ಬೆಳಗಾವಿಯ ವಕೀಲರು ಎದ್ದು, ಮಗಳ ಸಲುವಾಗಿ ಸುಳ್ಳು ಹೇಳಲು ಬಂದಿದ್ದೀರಿ ಎಂದರು.

ಮುದುಕರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮಗಳ ಸಲುವಾಗಿ ಆಗಿದ್ರ ಮನ್ಯಾಗ ಕುಂದರತಿದ್ದೆ ಸಾಹೇಬ್ರ. ನಾಳೆ ನನ್ನ ಮಾಲು ಎತ್ತಬೇಕಾದಾಂವ ಅಲ್ಲಿ ಕುಂತಾನ ನೋಡ್ರಿ. ಸುಳ್ಳ ಹೇಳೂದಿದ್ರ ಅವನ ಕಡೆಯಿಂದ ಹೇಳತಿದ್ದೆ. ಅದರಾಗ ಲಾಭ ಇತ್ತು."

ಇಡೀ ಕೋರ್ಟು ನಕ್ಕಿತು. ನ್ಯಾಯಾಧೀಶರು ತಲೆ ತಗ್ಗಿಸಿ ಬರೆದುಕೊಂಡರು. ನಾನು ಇವರ ಕಡೆ ನೋಡಿದೆ. ಮುಖದಲ್ಲಿ ಏನೂ ಕಾಣಿಸಲಿಲ್ಲ, ಆಗಲೇ ಕಡತದ ಮುಂದಿನ ಹಾಳೆ ತಿರುವುತ್ತಿದ್ದರು.

ಕೊನೆಗೆ ಸಾವಕಾರರು ತಾವೇ ಕಟಕಟೆ ಹತ್ತಿದರು. ಇವರ ಪಾಟೀಸವಾಲು ಹಾವು ಹೊಡೆಯುವಂತಿರುತ್ತದೆ ಎಂದು ಎಲ್ಲರೂ ಕಾದರು. ಇವರು ಮನೆಗೆ ಬಂದ ಅತಿಥಿಯನ್ನು ಮಾತಾಡಿಸಿದ ಹಾಗೆ ಕೇಳಿದರು.

"ನಮ್ಮ ತಂದಿಯವರು ಬಾಡಗಿ ಕೇಳಾಕ ಬಂದಾಗ ಏನೇನು ಮಾಡಿದ್ರಿ, ನೆನಪೈತೇನ್ರಿ?"

"ಐತಿ. ಕುರ್ಚೆ ಹಾಕಿಸಿ ಚಾ ತರಿಸಿದೆ. ಡ್ರೈವರನ ಕರದು ಕೇಳಿದೆ, ಅಂವ ರಸ್ತಾ ಮುಳುಗೇತಿ ಅಂದ."

"ಭೀಮಪ್ಪನವರು ಬಂದಾಗ?"

ಸಾವಕಾರರು ಬಹಳ ಹೊತ್ತು ಯೋಚಿಸಿದರು. ಅವರು ಕೆಟ್ಟವರಲ್ಲ, ನಾನು ಅದನ್ನು ಹೇಳಲೇಬೇಕು. ಸುಳ್ಳು ಹುಡುಕುತ್ತಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದರು.

"ಎಲಿ ಅಡಿಕಿ ಹಾಕ್ಕೋತ ಕುಂತಿರಬೇಕು. ಅಂವ ಹೊರಗ ನಿಂತಿದ್ದ. ಏನೋ ಕೇಳಿದ, ಏನೋ ಹೇಳಿದೆ."

"ಇಬ್ಬರೂ ಕೇಳಿದ್ದು ಅದ ಊರು, ಅದ ರಸ್ತಾ. ಬ್ಯಾರೆ ಬ್ಯಾರೆ ಯಾಕ ಹೇಳಿದ್ರಿ?"

"ಬ್ಯಾರೆ ಹೇಳಾಕ ಹತ್ತೇನಿ ಅನ್ನೂದ ನನ್ನ ಲಕ್ಷ್ಯಕ್ಕ ಬಂದಿದ್ದಿಲ್ಲವ್ವಾ" ಎಂದರು ಸಾವಕಾರರು. ವಕೀಲರಿಗೆ ಹೇಳುತ್ತಿದ್ದೇನೆ ಎನ್ನುವುದು ಅವರಿಗೆ ಮರೆತೇ ಹೋಗಿತ್ತು.

ಇವರು ನ್ಯಾಯಪೀಠದ ಕಡೆ ತಿರುಗಿದರು. "ನನ್ನ ದಾವೆ ಇಷ್ಟೇ ಸ್ವಾಮಿ" ಎಂದು ಕೂತುಬಿಟ್ಟರು. ಅಂದಾಜು ತಪ್ಪುವುದು ತಪ್ಪಲ್ಲ, ಅಂದಾಜು ಹೇಳುವವನು ನೋಡಿ ಹೇಳಿದ್ದಾನೆ ಎಂದು ಕೇಳುವವನು ನಂಬುತ್ತಾನೆ, ಆ ನಂಬಿಕೆ ಅಡತಿಯವನಿಗೆ ಒಂದು ತೂಕ ಇಟ್ಟಂಗಿಯವನಿಗೆ ಒಂದು ತೂಕ ಆಗಬಾರದು ಎಂದು ಆಮೇಲೆ ವಾದದಲ್ಲಿ ಹೇಳಿದರು. ಬೆಳಗಾವಿಯವರು ದಪ್ಪ ದಪ್ಪ ಪುಸ್ತಕ ತೆರೆದರು. ಆದರೆ ಕೋರ್ಟಿನಲ್ಲಿ ಕೂತವರೆಲ್ಲರ ಕಿವಿಯಲ್ಲಿ ಸಾವಕಾರರ ಮಾತೇ ಉಳಿದಿತ್ತು.

ಹೆಚ್ಚಿಗೆ ಬಿದ್ದ ಬಾಡಿಗೆಯಷ್ಟನ್ನೂ ಖರ್ಚಿನ ಸಮೇತ ಕೊಡಬೇಕೆಂದು ಡಿಕ್ರಿ ಆಯಿತು. ಅವತ್ತು ಆ ಉದ್ದ ಕೋಟಿನ ಹಿಂದೆ ಕಡತ ಹೊತ್ತು ಕೋರ್ಟಿನ ಮೆಟ್ಟಿಲು ಇಳಿದಾಗ ನನಗಾದ ಹೆಮ್ಮೆ, ಮುಂದೆ ನಾನೇ ಗೆದ್ದ ಯಾವ ದಾವೆಯಲ್ಲೂ ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಗೆಳೆಯರ ಮುಂದೆ ಬೇಕೆಂದೇ ಹಾದುಹೋದೆ. "ಹೌದ್ರಲೇ, ಅಕ್ಕಾರ ಸಾಲ್ಯಾಗ ಕಲಿಯಾಕ ಹತ್ತೇನಿ" ಎಂದೆ. ತಂದೆ ಮಗಳು ಆ ರಾತ್ರಿ ಒಂದೇ ಬುಟ್ಟಿಯ ರೊಟ್ಟಿ ಉಂಡರು. ಸಾವಕಾರರು ಮಾತ್ರ ಬಹಳ ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ಡಿಕ್ರಿಯ ಹಣವನ್ನು ಸದ್ದಿಲ್ಲದೆ ಕೋರ್ಟಿಗೆ ಕಟ್ಟಿದರು. ಭೀಮಪ್ಪನ ಭಟ್ಟಿಗೆ ಮತ್ತೆ ಬೆಂಕಿ ಬಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಹಳ್ಳದ ಕಡೆ ಹೋದಾಗ ನೋಡುತ್ತೇನೆ, ಭೀಮಪ್ಪನ ಭಟ್ಟಿಯಲ್ಲಿ ಅದೇ ಸಾವಕಾರರ ಲಾರಿ ನಿಂತಿದೆ, ಇಟ್ಟಂಗಿ ತುಂಬುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಓಡಿಬಂದು ಅಕ್ಕಾರಿಗೆ ಚಾಡಿ ಹೇಳಿದೆ. ಅವರು ಭೀಮಪ್ಪನನ್ನು ಕರೆಸಿದರು. ಈಗ ಅವನು ಹೇಳಿಸಿಕೊಳ್ಳದೆ ಬಂದು ಬೆಂಚಿನ ಮೇಲೆ ಕೂತ.

"ಅಲ್ರಿ ಭೀಮಪ್ಪನವರ, ಬೈಲಹೊಂಗಲದಾಗ ಬ್ಯಾರೆ ಲಾರಿ ಇಲ್ಲೇನು?"

"ಅದಾವ್ರಿ ಅಕ್ಕಾರ. ಖರೇ, ರಸ್ತಾ ನೋಡಿ ಬಾಡಗಿ ಹೇಳಾವರು ಈಗ ಇಡೀ ಊರಾಗ ಅವರೊಬ್ಬರ ಅದಾರ್ರಿ. ಮೊನ್ನಿ ಮತ್ತೊಂದು ಸಾಲಿ ಕಟ್ಟಡದ ಕೆಲಸಕ್ಕ ಕೇಳಾಕ ಹೋದೆ. ಇವತ್ತ ಹೇಳೂದಿಲ್ಲ ಅಂದ್ರು. ಮರುದಿನ ಮುಂಜಾನೆ ತಾವ ಜೀಪು ತಗೊಂಡು ಭಟ್ಟಿಗಿ ಬಂದ್ರು. ನನ್ನ ಮಗ್ಗಲದಾಗ ಕುಂದರಿಸಿಕೊಂಡು ಮನೋಳಿ ದಾಟಿ ಹೊಂಟ್ರು."

"ಆಮ್ಯಾಲ?"

"ನೀರು ಬಂತ್ರಿ. ಗಾಡಿ ನಿಲ್ಲಿಸಿ ಇಳದ್ರು. ರಸ್ತಾ ನೀರಾಗ ಇಳಿದು ಹೋಗಿದ್ದನ್ನ ಬಾಳೊತ್ತು ನೋಡಿದ್ರು. ಅವರೂ ಅದನ್ನ ಕಣ್ಣಿಲೆ ನೋಡಿದ್ದಿಲ್ಲಂತ್ರಿ. 'ಇಷ್ಟ ನೀರು ಬಂದೈತಿ, ನೀ ಎಲ್ಲಾ ಇಟ್ಟಂಗಿ ಮುಟ್ಟಿಸಿದೆಲ್ಲೋ ಭೀಮಪ್ಪಾ' ಅಂದ್ರು."

"ನೀವೇನಂದ್ರಿ?"

"'ಮುಟ್ಟಿಸಬೇಕಲ್ರಿ, ಮುಟ್ಟಿಸ್ತೇನಿ ಅಂತ ಹೇಳಿದ್ದೆ' ಅಂದೆ."

ಅಕ್ಕಾರು ಶೇಂಗಾದ ಬಟ್ಟಲನ್ನು ಭೀಮಪ್ಪನ ಕಡೆ ಸರಿಸಿದರು. ಆಮೇಲೆ ಒಳಗೆ ಮಲಗಿದ್ದ ತಂದೆಗೂ ಕೇಳುವ ಹಾಗೆ ದೊಡ್ಡ ದನಿಯಲ್ಲಿ ನನಗೆ ಹೇಳಿದರು:

"ತಮ್ಮಾ, ಡಿಕ್ರಿ ಜಾರಿ ಆಗಿದ್ದು ಈಗ ನೋಡು."